ಟೈರಿನ ಅಗಲ: ರಸ್ತೆಗೆ ಎಷ್ಟು, ಓಟದ ಪಥಕ್ಕೆ ಎಷ್ಟು?

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೆಂಗಳೂರಿನ ಹೆದ್ದಾರಿ ತವರಿನ ದಾರಿ. ಪೂನಮಲ್ಲಿ ದಾಟಿ ಶ್ರೀಪೆರಂಬದೂರಿಗೆ ಸಾಗುವಾಗ ಇರುಂಗಾಟ್ಟುಕೋಟ್ಟೈ ಎಂಬ ಊರು ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಓಟದ ಪಥ ಇರುವುದು ಅಲ್ಲಿಯೇ. ಮೊದಲು ಷೋಲಾವರಂನ ಹಳೆಯ ವಿಮಾನ ಇಳಿದಾಣದ ಮೇಲೆ ನಡೆಯುತ್ತಿದ್ದ ಮೋಟಾರು ಓಟಗಳಿಗೆ 1990ರಲ್ಲಿ ಇಲ್ಲಿ 3.717 ಕಿಲೋಮೀಟರ್ ಉದ್ದದ ಸ್ವಂತ ನೆಲೆ ದೊರೆಯಿತು. ಹೀಗೆ ಒಂದೇ ದಾರಿಯಲ್ಲಿ ಎರಡು ಬಗೆಯ ಚಾಲನೆ: ದೀಪಾವಳಿಗೆಂದು ಹೆಂಡತಿ ಮಕ್ಕಳನ್ನೂ ತಿಂಡಿಯ ಡಬ್ಬಗಳನ್ನೂ ತುಂಬಿಕೊಂಡು ಊರಿಗೆ ಹೊರಡುವ ಚಾಲನೆ ಒಂದು, ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಧರಿಸಿ ಪಥದಲ್ಲಿ ಸುತ್ತು ಹಾಕುವ ಚಾಲನೆ ಮತ್ತೊಂದು. ಇಂದಿನ ಯುವಕರಲ್ಲಿ ಹಲವರು ಈ ಎರಡನ್ನೂ ಒಂದೇ ಕಾರಿನಲ್ಲಿ, ಒಂದೇ ಜೊತೆ ಟೈರಿನಲ್ಲಿ ಮಾಡಲು ಬಯಸುತ್ತಾರೆ.

ನಮ್ಮ ಅಣ್ಣನ ಮಗನೂ ಅವರಲ್ಲಿ ಒಬ್ಬ. ಅವನ ಕಾರಿಗೆ ತಯಾರಕರು ಕೊಟ್ಟಿದ್ದುದು 185 ಮಿಲಿಮೀಟರ್ ಅಗಲದ ಟೈರು. ಅಂಗಡಿಯೊಂದರಲ್ಲಿ "ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು" ಎಂದು ಹೇಳಿದ್ದನ್ನು ನಂಬಿ, ಅವೇ ರಿಮ್‌ಗಳಿಗೆ 205ರ ಟೈರು ಹಾಕಿಸಿದ. ಆ ವರ್ಷ ದೀಪಾವಳಿಗೆ ನಾವೂ ಅವನೊಡನೆ ಹೊರಟೆವು. ರಾಣಿಪೇಟೆ ದಾಟಿದ ಮೇಲೆ ಈಶಾನ್ಯ ಮಾರುತದ ಮಳೆ ಸುರಿಯಿತು. ರಸ್ತೆಯ ತಗ್ಗಿನಲ್ಲಿ ನಿಂತ ನೀರಿನ ಮೇಲೆ ಕಾರು ಹಾಯ್ದಾಗ ಒಂದು ಕ್ಷಣ ಚಕ್ರಗಳ ಸದ್ದೇ ಅಡಗಿಹೋಯಿತು. "ಚಿಕ್ಕಪ್ಪ, ಸ್ಟೀರಿಂಗ್ ಹಗುರಾಗಿಬಿಟ್ಟಿತು" ಎಂದು ಅವನು ಮೆಲ್ಲನೆ ಹೇಳಿದಾಗ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ನಿದ್ರಿಸುತ್ತಿದ್ದವು. ದೈವವಶಾತ್ ಅನಾಹುತವಾಗಲಿಲ್ಲ. ಊರು ತಲುಪಿದ ಮೇಲೆ ನಾವು ಈ ವಿಷಯವನ್ನು ಶ್ರದ್ಧೆಯಿಂದ ತಿಳಿದುಕೊಳ್ಳಲು ತೊಡಗಿದೆವು. ಹಾಗೆ ತಿಳಿದುದನ್ನು ಕ್ರಮವಾಗಿ ಇಲ್ಲಿ ನಿರೂಪಿಸಿದ್ದೇವೆ.

ಟೈರಿನ ಮೇಲಿನ ಬರಹ

ಅಗಲದ ವಿಚಾರಕ್ಕೆ ಬರುವ ಮುನ್ನ ಟೈರಿನ ಪಕ್ಕದ ಗೋಡೆಯ ಮೇಲಿರುವ ಬರಹವನ್ನು ಓದಲು ಕಲಿಯಬೇಕು. ಉದಾಹರಣೆಗೆ 185/65 ಆರ್ 15 88 ಎಚ್ ಎಂಬ ಗುರುತನ್ನು ತೆಗೆದುಕೊಳ್ಳೋಣ. 185 ಎಂಬುದು ಮಿಲಿಮೀಟರ್‌ಗಳಲ್ಲಿ ಟೈರಿನ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರ ಈ ಅಗಲದ ಶೇಕಡಾ 65, ಅಂದರೆ ಸುಮಾರು 120 ಮಿ.ಮೀ. ಆರ್ ಎಂಬುದು ರೇಡಿಯಲ್ ರಚನೆಯನ್ನೂ 15 ಎಂಬುದು ರಿಮ್‌ನ ವ್ಯಾಸವನ್ನು ಅಂಗುಲಗಳಲ್ಲಿಯೂ ಸೂಚಿಸುತ್ತವೆ. 88 ಭಾರದ ಸೂಚ್ಯಂಕ. ಒಂದು ಟೈರು 560 ಕಿಲೋಗ್ರಾಂವರೆಗೆ ಹೊರಬಲ್ಲದು ಎಂದು ಇದರ ಅರ್ಥ. ಕೊನೆಯ ಎಚ್ ಅಕ್ಷರ ಗಂಟೆಗೆ 210 ಕಿ.ಮೀ. ವೇಗದ ಮಿತಿಯನ್ನು ತಿಳಿಸುತ್ತದೆ. ಟಿ ಎಂದಿದ್ದರೆ 190, ವಿ ಎಂದಿದ್ದರೆ 240.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. 185 ಎಂಬುದು ನೆಲಕ್ಕೆ ತಾಗುವ ಭಾಗದ ಅಗಲವಲ್ಲ. ನಿಗದಿತ ಅಳತೆಯ ರಿಮ್‌ಗೆ ಕೂಡಿಸಿ ಗಾಳಿ ತುಂಬಿದಾಗ ಒಂದು ಪಕ್ಕದ ಗೋಡೆಯಿಂದ ಇನ್ನೊಂದು ಪಕ್ಕದ ಗೋಡೆಯವರೆಗೆ ಬರುವ ಅಳತೆ ಅದು. ನೆಲಕ್ಕೆ ತಾಗುವ ಪಟ್ಟಿ ಇದಕ್ಕಿಂತ ಕಿರಿದಾಗಿರುತ್ತದೆ. ಒಂದೇ ಗುರುತಿನ ಎರಡು ಕಂಪೆನಿಗಳ ಟೈರುಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಒಂದು ತುಸು ದಪ್ಪನಾಗಿ, ಇನ್ನೊಂದು ತುಸು ತೆಳ್ಳಗೆ ಕಾಣುವುದೂ ಉಂಟು.

ಹಿಂದಿನ ಅಂಬಾಸಡರ್ ಕಾರಿನ ಟೈರಿಗೆ 5.90-15 ಎಂಬ ಗುರುತಿತ್ತು, ಅಗಲವೂ ಅಂಗುಲದಲ್ಲಿಯೇ. ಅಂದರೆ ಸುಮಾರು 150 ಮಿ.ಮೀ. ಪ್ರೀಮಿಯರ್ ಪದ್ಮಿನಿಯದು 5.20-14, ಸುಮಾರು 132 ಮಿ.ಮೀ. ಆ ಕಿರಿದಾದ ಟೈರುಗಳ ಮೇಲೆಯೇ ನಮ್ಮ ಹಿಂದಿನ ತಲೆಮಾರು ಘಟ್ಟಗಳನ್ನು ಹತ್ತಿ ಇಳಿದಿದೆ. ಆಗಿನ ವೇಗ ಬೇರೆ, ರಸ್ತೆ ಬೇರೆ ಎಂಬುದು ನಿಜ. ಆದರೂ ಅಗಲವೊಂದೇ ಕ್ಷೇಮದ ಅಳತೆಗೋಲಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕು ಅಂಚೆ ಕಾರ್ಡುಗಳು

ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆ ಎಂಬುದು ಜನರಲ್ಲಿ ಬೇರೂರಿರುವ ನಂಬಿಕೆ. ಇದನ್ನು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ಕಾರಿನ ಭಾರವನ್ನು ಬಹುಪಾಲು ಹೊರುವುದು ಟೈರಿನೊಳಗಿನ ಗಾಳಿ. ಒಂದು ಚಕ್ರದ ಮೇಲೆ 300 ಕಿಲೋಗ್ರಾಂ ಭಾರವಿದ್ದು, ಗಾಳಿಯ ಒತ್ತಡ 33 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ ಇದೆ ಎಂದುಕೊಳ್ಳೋಣ. 300ನ್ನು 2.3ರಿಂದ ಭಾಗಿಸಿದರೆ ಸುಮಾರು 130 ಚದರ ಸೆಂಟಿಮೀಟರ್ ಬರುತ್ತದೆ. ನಮ್ಮ ಅಂಚೆ ಇಲಾಖೆಯ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಅದರ ವಿಸ್ತೀರ್ಣ 126. ಅಂದರೆ ಐದು ಜನರನ್ನು ಹೊತ್ತು ಗಂಟೆಗೆ 80 ಕಿ.ಮೀ. ವೇಗದಲ್ಲಿ ಧಾವಿಸುವ ಕಾರು ನೆಲವನ್ನು ಮುಟ್ಟಿರುವುದು ನಾಲ್ಕು ಅಂಚೆ ಕಾರ್ಡುಗಳಷ್ಟು ಜಾಗದಲ್ಲಿ ಮಾತ್ರ.

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬಂದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಟೈರಿನ ಗೋಡೆಯ ಬಿಗಿತದಿಂದಾಗಿ ನಿಜವಾದ ವಿಸ್ತೀರ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುವುದುಂಟು. ಆದರೆ ಭಾರವೂ ಒತ್ತಡವೂ ಅಷ್ಟೇ ಇರುವಾಗ ಅಗಲ ಹೆಚ್ಚಿಸಿದರೆ ವಿಸ್ತೀರ್ಣ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮುಖ್ಯವಾಗಿ ಅದರ ಆಕಾರ ಬದಲಾಗುತ್ತದೆ. ಕಿರಿದಾದ ಟೈರು ಕಾರ್ಡನ್ನು ಉದ್ದಕ್ಕೆ ಇಟ್ಟಂತೆ. ಅಗಲವಾದ ಟೈರು ಅದೇ ಕಾರ್ಡನ್ನು ಅಡ್ಡ ತಿರುಗಿಸಿದಂತೆ.

ಹಾಗಾದರೆ ಅಗಲದಿಂದ ಪ್ರಯೋಜನವೇ ಇಲ್ಲವೇ? ಒಣ ರಸ್ತೆಯಲ್ಲಿ ಖಂಡಿತ ಇದೆ. ಅಡ್ಡವಾದ, ಗಿಡ್ಡವಾದ ಪಟ್ಟಿ ತಿರುವುಗಳಲ್ಲಿ ಸ್ಟೀರಿಂಗಿನ ಆದೇಶಕ್ಕೆ ಬೇಗ ಸ್ಪಂದಿಸುತ್ತದೆ. ತಿರುವಿನಲ್ಲಿ ಹೊರಬದಿಯ ಟೈರಿನ ಮೇಲೆ ಭಾರ ಬಿದ್ದಾಗ ಅದು ಹೆಚ್ಚು ರಬ್ಬರಿನ ಮೇಲೆ ಹಂಚಿಹೋಗುತ್ತದೆ. ರಬ್ಬರಿಗೆ ಒಂದು ವಿಶೇಷ ಗುಣವಿದೆ: ಅದರ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಆಗುತ್ತದೆ. ಆದ್ದರಿಂದ ಭಾರವನ್ನು ಹರಡಿಕೊಳ್ಳುವ ಅಗಲವಾದ ಟೈರು ತಿರುವಿನಲ್ಲಿ ಮೇಲುಗೈ ಪಡೆಯುತ್ತದೆ. ಈ ಲಾಭ ದೊಡ್ಡದಾಗಿ ತೋರುವುದು ಕಾರನ್ನು ಅದರ ಮಿತಿಯ ಅಂಚಿನವರೆಗೆ ಒಯ್ದಾಗ ಮಾತ್ರ. ಕುಟುಂಬದೊಡನೆ ಪ್ರಯಾಣ ಮಾಡುವವರು ಆ ಅಂಚಿನ ಬಳಿಗೆ ಹೋಗುವುದಿಲ್ಲ, ಹೋಗಲೂ ಬಾರದು.

ಮಳೆ ಬಂದಾಗ

ಕಾರ್ಡನ್ನು ಅಡ್ಡ ತಿರುಗಿಸಿದ್ದರ ಬೆಲೆ ತಿಳಿಯುವುದು ಮಳೆಯಲ್ಲಿ. ನೀರು ನಿಂತ ರಸ್ತೆಯಲ್ಲಿ ಟೈರು ಮೊದಲು ನೀರನ್ನು ಪಕ್ಕಕ್ಕೆ ತಳ್ಳಬೇಕು. ಆಮೇಲೆ ನೆಲವನ್ನು ಹಿಡಿಯಬೇಕು. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳೋಣ. ನೆಲಕ್ಕೆ ತಾಗುವ ಪಟ್ಟಿ 15 ಸೆಂ.ಮೀ. ಅಗಲವಿದ್ದರೆ ಒಂದೊಂದು ಮುಂದಿನ ಚಕ್ರವೂ ಪ್ರತಿ ಸೆಕೆಂಡಿಗೆ 10 ಲೀಟರ್ ನೀರನ್ನು ಸರಿಸಬೇಕಾಗುತ್ತದೆ. ಸೆಕೆಂಡಿಗೆ ಒಂದು ತುಂಬಿದ ಬಕೆಟ್ ಎಂದರೆ ಕಣ್ಣಿಗೆ ಕಟ್ಟುತ್ತದೆ. ಅಗಲ 18 ಸೆಂ.ಮೀ. ಆದರೆ 12 ಲೀಟರ್, 21 ಸೆಂ.ಮೀ. ಆದರೆ 14 ಲೀಟರ್. ಅಷ್ಟೇ ಅಲ್ಲ, ಪಟ್ಟಿ ಗಿಡ್ಡವಾಗಿರುವುದರಿಂದ ಈ ಹೆಚ್ಚಿನ ನೀರನ್ನು ಹೊರಹಾಕಲು ಸಿಗುವ ಸಮಯವೂ ಕಡಿಮೆ.

ನೀರನ್ನು ಸರಿಸಲು ಸಾಧ್ಯವಾಗದಿದ್ದಾಗ ಟೈರು ನೀರಿನ ಪದರದ ಮೇಲೇರಿ ತೇಲುತ್ತದೆ. ಇದನ್ನೇ ಅಕ್ವಾಪ್ಲೇನಿಂಗ್ ಎನ್ನುತ್ತಾರೆ. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ನಮ್ಮ ಅಣ್ಣನ ಮಗನ ಕೈಯಲ್ಲಿ ಸ್ಟೀರಿಂಗ್ ಹಗುರಾದುದು ಇದರಿಂದಲೇ.

ವಿಮಾನಗಳು ಮಳೆಯಲ್ಲಿ ನೆಲಕ್ಕಿಳಿಯುವಾಗ ಜಾರುವುದನ್ನು ಅಧ್ಯಯನ ಮಾಡಿದ ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ಎಂಬ ತಜ್ಞರು 1963ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ ತೇಲಲು ತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. ಕಿಲೋಮೀಟರ್ ಲೆಕ್ಕಕ್ಕೆ ತಂದರೆ, ಪೌಂಡುಗಳಲ್ಲಿರುವ ಒತ್ತಡದ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಬೇಕು. 33 ಪೌಂಡಿಗೆ ಗಂಟೆಗೆ ಸುಮಾರು 96 ಕಿ.ಮೀ., 26 ಪೌಂಡಿಗೆ ಸುಮಾರು 85 ಕಿ.ಮೀ. ಬರುತ್ತದೆ. ನೀರಿನ ಆಳ ಟೈರಿನ ಕಚ್ಚುಗಳು ಹೊರಹಾಕಬಲ್ಲುದಕ್ಕಿಂತ ಹೆಚ್ಚಿದ್ದಾಗ ಅನ್ವಯಿಸುವ ಸ್ಥೂಲ ಲೆಕ್ಕ ಇದು. ಪಟ್ಟಿಯ ಆಕಾರವನ್ನು ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಗಲ ಹೆಚ್ಚಿ ಉದ್ದ ಕುಗ್ಗಿದಂತೆ ತೇಲುವ ವೇಗ ಇನ್ನೂ ಕೆಳಗಿಳಿಯುತ್ತದೆ.

ಆದ್ದರಿಂದ ಮಳೆಯಲ್ಲಿ ನಮ್ಮನ್ನು ಕಾಪಾಡುವವು ಮೂರು: ಮಿತವಾದ ಅಗಲ, ಸರಿಯಾದ ಗಾಳಿ, ಆಳವಾದ ಕಚ್ಚುಗಳು. ಹೊಸ ಟೈರಿನಲ್ಲಿ ಕಚ್ಚುಗಳ ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಇರುತ್ತದೆ. ನಮ್ಮ ದೇಶದ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳ ಉಳಿದಿರಬೇಕು. ಕಚ್ಚುಗಳ ನಡುವೆ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು ಈ ಮಿತಿಯನ್ನು ತೋರಿಸಲೆಂದೇ ಇಟ್ಟವು. 1.6 ಕಾನೂನಿನ ಮಿತಿ, ಮಳೆಯ ಮಿತಿಯಲ್ಲ. 3 ಮಿ.ಮೀ.ಗೆ ಇಳಿದಾಗಲೇ, ಅದೂ ಅಗಲವಾದ ಟೈರಾಗಿದ್ದರೆ, ಮಳೆಗಾಲಕ್ಕೆ ಮುನ್ನ ಬದಲಿಸುವುದು ವಿವೇಕ. ಎರಡೇ ಟೈರು ಬದಲಿಸುವುದಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಹಿಂದಿನ ಚಕ್ರಗಳು ಮೊದಲು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಸಾಮಾನ್ಯ ಚಾಲಕನಿಗೆ ಅದನ್ನು ಹತೋಟಿಗೆ ತರುವುದು ದುಸ್ಸಾಧ್ಯ.

ರಿಮ್, ವ್ಯಾಸ ಮತ್ತು ಭಾರ

ಟೈರಿನ ಅಗಲವನ್ನು ಸ್ವತಂತ್ರವಾಗಿ ಆರಿಸಲು ಬರುವುದಿಲ್ಲ. ಅದು ಇನ್ನೂ ಮೂರು ಅಳತೆಗಳೊಡನೆ ಕಟ್ಟಿಹಾಕಿಕೊಂಡಿದೆ.

ಮೊದಲನೆಯದು ರಿಮ್‌ನ ಅಗಲ. 185/65 ಆರ್ 15 ಟೈರಿಗೆ 5ರಿಂದ 6.5 ಅಂಗುಲ ಅಗಲದ ರಿಮ್‌ಗಳು ಸಮ್ಮತ. 205/65 ಆರ್ 15 ಟೈರಿಗೆ 5.5ರಿಂದ 7.5 ಅಂಗುಲ. ನಮ್ಮ ಅಣ್ಣನ ಮಗನ ಕಾರಿನ ರಿಮ್ 5 ಅಂಗುಲದ್ದಾಗಿತ್ತು. ಅಂದರೆ 185ರ ಟೈರಿಗೆ ಅದು ಸರಿಯಾಗಿತ್ತು, 205ರ ಟೈರಿಗೆ ಕಿರಿದಾಗಿತ್ತು. ಕಿರಿದಾದ ರಿಮ್‌ನಲ್ಲಿ ಅಗಲವಾದ ಟೈರನ್ನು ಕೂಡಿಸಿದಾಗ ಗೋಡೆಗಳು ಒಳಮುಖವಾಗಿ ಬಾಗಿ, ಟೈರು ಬಲೂನಿನಂತೆ ಉಬ್ಬುತ್ತದೆ. ತಿರುವಿನಲ್ಲಿ ರಿಮ್ ಒಂದು ಕಡೆಗೂ ಟೈರು ಇನ್ನೊಂದು ಕಡೆಗೂ ಎಳೆಯುತ್ತವೆ. ಹಿಡಿತ ಹೆಚ್ಚಿಸಲೆಂದು ಹಾಕಿಸಿದ ಟೈರು ಕಾರನ್ನು ಇನ್ನಷ್ಟು ತೂಗಾಡಿಸುತ್ತದೆ. ರಿಮ್ ಅರ್ಧ ಅಂಗುಲ ಹೆಚ್ಚು ಕಡಿಮೆಯಾದರೆ ಟೈರಿನ ಅಗಲವೂ ಸುಮಾರು 5 ಮಿ.ಮೀ. ಹೆಚ್ಚು ಕಡಿಮೆಯಾಗುತ್ತದೆ ಎಂಬುದು ನೆನಪಿಡಬೇಕಾದ ಲೆಕ್ಕ.

ಎರಡನೆಯದು ಒಟ್ಟು ವ್ಯಾಸ. ಎರಡು ಗೋಡೆಗಳ ಎತ್ತರಕ್ಕೆ ರಿಮ್‌ನ ವ್ಯಾಸವನ್ನು ಕೂಡಿದರೆ ಇದು ದೊರೆಯುತ್ತದೆ. ಒಂದು ಅಂಗುಲಕ್ಕೆ 25.4 ಮಿ.ಮೀ. ಕೆಲವು ಅಳತೆಗಳನ್ನು ಲೆಕ್ಕ ಹಾಕಿ ನೋಡೋಣ.

165/80 ಆರ್ 14: 620 ಮಿ.ಮೀ.
185/65 ಆರ್ 15: 622 ಮಿ.ಮೀ.
195/55 ಆರ್ 16: 621 ಮಿ.ಮೀ.
195/65 ಆರ್ 15: 635 ಮಿ.ಮೀ.
205/65 ಆರ್ 15: 648 ಮಿ.ಮೀ.

ಮೊದಲ ಮೂರು ಅಳತೆಗಳು ಅಗಲದಲ್ಲಿ ಬೇರೆ ಬೇರೆಯಾದರೂ ವ್ಯಾಸದಲ್ಲಿ ಹೆಚ್ಚುಕಡಿಮೆ ಒಂದೇ. ಅಗಲ ಹೆಚ್ಚಿದಂತೆ ಗೋಡೆಯ ಎತ್ತರವನ್ನು ತಗ್ಗಿಸಿ, ರಿಮ್ ಹಿಗ್ಗಿಸಿ ಸಮತೂಕ ಕಾಯ್ದುಕೊಂಡಿರುವುದೇ ಇದರ ಗುಟ್ಟು. ಕಾರು ತಯಾರಕರು ಒಂದೇ ಮಾದರಿಯ ಅಗ್ಗದ ಮತ್ತು ದುಬಾರಿ ಆವೃತ್ತಿಗಳಿಗೆ ಬೇರೆ ಬೇರೆ ಟೈರು ಕೊಡುವಾಗ ಅನುಸರಿಸುವ ಕ್ರಮವೂ ಇದೇ. ಕೊನೆಯ ಅಳತೆಯಲ್ಲಿ ವ್ಯಾಸ ಶೇಕಡಾ 4ಕ್ಕಿಂತ ಹೆಚ್ಚು ಬೆಳೆದಿದೆ. ಆಗ ವೇಗಮಾಪಕ 100 ತೋರಿಸುವಾಗ ಕಾರು ಹಿಂದಿಗಿಂತ ಶೇಕಡಾ 4ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ, ಇಲ್ಲವೇ ಐದು ಜನ ಕುಳಿತು ಕಾರು ತಗ್ಗಿದಾಗ, ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜುತ್ತದೆ. ನಾವು ಊರಿನಲ್ಲಿ ಬಗ್ಗಿ ನೋಡಿದಾಗ ಒಳಗಿನ ಪ್ಲಾಸ್ಟಿಕ್ ಹೊದಿಕೆ ಸವೆದು ಬೆಳ್ಳಗಾಗಿತ್ತು. ವ್ಯಾಸದ ವ್ಯತ್ಯಾಸ ಶೇಕಡಾ 3ನ್ನು ಮೀರದಂತೆ ನೋಡಿಕೊಳ್ಳಬೇಕೆಂಬುದು ರೂಢಿಯಲ್ಲಿರುವ ನಿಯಮ. ಅದರೊಳಗೂ ಕಡಿಮೆಯಾದಷ್ಟು ಒಳ್ಳೆಯದು.

ಮೂರನೆಯದು ಭಾರ ಹೊರುವ ಶಕ್ತಿ. ಅಗಲವಾದ ಟೈರು ಹೆಚ್ಚು ಭಾರ ಹೊರುತ್ತದೆ ಎಂಬುದೂ ತಪ್ಪು ನಂಬಿಕೆ. ಭಾರ ಹೊರುವುದು ಗಾಳಿ; ಗಾಳಿ ತುಂಬುವ ಜಾಗ ಗೋಡೆಯ ಎತ್ತರವನ್ನೂ ಅವಲಂಬಿಸಿದೆ. 185/65 ಆರ್ 15 ಟೈರಿನ ಸಾಮಾನ್ಯ ಸೂಚ್ಯಂಕ 88, ಅಂದರೆ 560 ಕಿ.ಗ್ರಾಂ. ಅದಕ್ಕಿಂತ ಅಗಲವಾದ 195/55 ಆರ್ 16 ಟೈರಿನ ಸಾಮಾನ್ಯ ಸೂಚ್ಯಂಕ 87, ಅಂದರೆ 545 ಕಿ.ಗ್ರಾಂ. ಮೂಲ ಟೈರಿನ ಸೂಚ್ಯಂಕಕ್ಕಿಂತ ಕಡಿಮೆಯದನ್ನು ಎಂದಿಗೂ ಹಾಕಿಸಬಾರದು. ಅಕ್ಕಿಯ ಮೂಟೆ, ತೆಂಗಿನಕಾಯಿ, ಉಪ್ಪಿನಕಾಯಿಯ ಜಾಡಿಗಳೊಡನೆ ಊರಿನಿಂದ ಹಿಂದಿರುಗುವ ನಮ್ಮಂಥವರಿಗೆ ಇದು ಒಣ ಅಂಕಿಯಲ್ಲ.

ದಿನನಿತ್ಯದ ರಸ್ತೆಯಲ್ಲಿ

ಅಗಲವಾದ, ಗೋಡೆ ತಗ್ಗಿದ ಟೈರು ದಿನನಿತ್ಯದಲ್ಲಿ ಏನು ಕೊಡುತ್ತದೆ, ಏನು ಕಸಿಯುತ್ತದೆ? ನೋಟ ಚೆನ್ನ, ತಿರುವಿನಲ್ಲಿ ಚುರುಕು. ಆದರೆ ಗುಂಡಿಗೆ ಬಿದ್ದಾಗ ಪೆಟ್ಟನ್ನು ನುಂಗುವ ಗೋಡೆ ಗಿಡ್ಡವಾಗಿರುವುದರಿಂದ ರಿಮ್ ಬಾಗುವುದು, ಗೋಡೆಯಲ್ಲಿ ಬುಗುಟು ಏಳುವುದು ಸಾಮಾನ್ಯ. ಚಕ್ರದ ತೂಕ ಹೆಚ್ಚುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಗಾಳಿಯ ತಡೆ ಹೆಚ್ಚಿ ಇಂಧನವೂ ಹೆಚ್ಚು ಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ಆಯ್ಕೆಯೂ ಉಂಟು. ಬಿಎಂಡಬ್ಲ್ಯು ಕಂಪೆನಿ 2013ರಿಂದ 2022ರವರೆಗೆ ತಯಾರಿಸಿದ ಐ3 ಎಂಬ ವಿದ್ಯುತ್ ಕಾರಿಗೆ 155/70 ಆರ್ 19 ಎಂಬ ಕಿರಿದಾದ, ಆದರೆ ಎತ್ತರವಾದ ಟೈರುಗಳನ್ನು ಕೊಟ್ಟಿತ್ತು. ವ್ಯಾಸ ದೊಡ್ಡದಾದುದರಿಂದ ನೆಲಕ್ಕೆ ತಾಗುವ ಪಟ್ಟಿ ಉದ್ದವಾಗಿ, ಕಾರು ಕಡಿಮೆ ಶಕ್ತಿಯಲ್ಲಿ ಉರುಳುತ್ತಿತ್ತು. ಬೆಲೆಬಾಳುವ ಕಾರಿಗೆ ಅಗಲವಾದ ಟೈರೇ ಭೂಷಣ ಎಂದು ತಿಳಿದವರು ಇದನ್ನು ನೆನೆಯಬೇಕು.

ರಬ್ಬರಿನ ಮಿಶ್ರಣ ಮತ್ತು ಕಚ್ಚುಗಳ ವಿನ್ಯಾಸ ಅಗಲಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡಬಲ್ಲವು. ತೇವದ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಸದ್ದು ಇವುಗಳಿಗೆ ಮಿತಿ ಹಾಕುವ ಎಐಎಸ್-142 ಎಂಬ ಮಾನದಂಡವನ್ನು ಕೇಂದ್ರ ಸರ್ಕಾರ 2022ರಲ್ಲಿ ಟೈರುಗಳಿಗೆ ಕಡ್ಡಾಯಗೊಳಿಸಿತು. ಆದುದರಿಂದ ಇರುವ ಅಳತೆಯಲ್ಲಿಯೇ ಒಳ್ಳೆಯ ಮಿಶ್ರಣದ ಟೈರನ್ನು ಕೊಳ್ಳುವುದು, ಸಾಧಾರಣ ಮಿಶ್ರಣದ ಅಗಲವಾದ ಟೈರನ್ನು ಕೊಳ್ಳುವುದಕ್ಕಿಂತ ಲೇಸು.

ಓಟದ ಪಥದಲ್ಲಿ

ಪಥದ ನ್ಯಾಯವೇ ಬೇರೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಗುಂಡಿಗಳಿಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳಿರುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಬ್ರೇಕು, ತಿರುವು, ವೇಗ ಎಂದು ಟೈರು ಬಿಡುವಿಲ್ಲದೆ ದುಡಿಯುತ್ತದೆ. ಆ ದುಡಿಮೆ ಶಾಖವಾಗಿ ಪರಿಣಮಿಸುತ್ತದೆ. ಇಲ್ಲಿ ಅಗಲದ ಮುಖ್ಯ ಉಪಯೋಗ ಶಾಖವನ್ನು ಹೆಚ್ಚು ರಬ್ಬರಿಗೆ ಹಂಚುವುದು. ಹಾಗೆ ಹಂಚಿಹೋದಾಗ ಅಂಟುಗುಣ ಹೆಚ್ಚಿರುವ ಮೆದುವಾದ ಮಿಶ್ರಣವನ್ನು ಬಳಸಿದರೂ ಅದು ಬೇಗ ಸವೆದು ಹಾಳಾಗುವುದಿಲ್ಲ. ಅಗಲವೂ ಮೆದು ಮಿಶ್ರಣವೂ ಸೇರಿದಾಗಲೇ ಪಥದಲ್ಲಿ ನಿಜವಾದ ಲಾಭ.

ಆದರೆ ಪಥದಲ್ಲಿಯೂ ಅಗಲಕ್ಕೆ ಮಿತಿಯಿದೆ. ಶಕ್ತಿ ಕಡಿಮೆಯಿರುವ ಹಗುರವಾದ ಕಾರಿಗೆ ತೀರ ಅಗಲವಾದ ಟೈರು ಹಾಕಿದರೆ ಅದು ಬೇಕಾದಷ್ಟು ಬಿಸಿಯೇರುವುದಿಲ್ಲ. ಮೆದು ರಬ್ಬರು ತಣ್ಣಗಿದ್ದರೆ ಅಂಟುವುದಿಲ್ಲ. ಜೊತೆಗೆ ನೇರ ದಾರಿಯಲ್ಲಿ ಗಾಳಿಯ ತಡೆ ಮತ್ತು ಚಕ್ರದ ತೂಕ ವೇಗವನ್ನು ತಿನ್ನುತ್ತವೆ. ಫಾರ್ಮುಲಾ ಒನ್ ಕಾರುಗಳ ಇತಿಹಾಸವೇ ಇದಕ್ಕೆ ಸಾಕ್ಷಿ. 2017ರಲ್ಲಿ ಅವುಗಳ ಟೈರುಗಳನ್ನು ಮುಂದೆ 305, ಹಿಂದೆ 405 ಮಿ.ಮೀ.ಗೆ ಅಗಲಿಸಿದರು. ತಿರುವುಗಳಲ್ಲಿ ವೇಗ ಹೆಚ್ಚಿತು. 2026ರ ನಿಯಮಗಳಲ್ಲಿ ತೂಕವನ್ನೂ ಗಾಳಿಯ ತಡೆಯನ್ನೂ ಇಳಿಸಲೆಂದು ಮುಂದಿನ ಟೈರನ್ನು 25, ಹಿಂದಿನದನ್ನು 30 ಮಿ.ಮೀ. ಕಿರಿದುಗೊಳಿಸಿದರು. ಮಳೆಯ ವಿಷಯದಲ್ಲಿಯೂ ಅವರ ಅನುಭವ ಬೋಧಪ್ರದ. 2017ರ ನಂತರದ ಮಳೆ ಟೈರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಸರಿಸಬಲ್ಲದೆಂದು ತಯಾರಕರಾದ ಪಿರೆಲ್ಲಿ ಸಂಸ್ಥೆ ಹೇಳಿತ್ತು. ಅಂಥ ಟೈರುಗಳಿದ್ದರೂ 2021ರ ಬೆಲ್ಜಿಯಂ ಓಟ ಮಳೆಯ ಕಾರಣದಿಂದ ರಕ್ಷಣಾ ಕಾರಿನ ಹಿಂದೆ ಕೆಲವೇ ಸುತ್ತುಗಳಲ್ಲಿ ಮುಗಿದುಹೋಯಿತು. ಜಗತ್ತಿನ ಅತ್ಯುತ್ತಮ ಚಾಲಕರೇ ನೀರಿಗೆ ತಲೆಬಾಗಿದ ಮೇಲೆ ನಮ್ಮ ಪಾಡೇನು!

ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಗಲ ಹಾಕುವ ಪದ್ಧತಿ ಹಿಂದಿನ ಚಕ್ರಗಳನ್ನು ಎಂಜಿನ್ ತಿರುಗಿಸುವ ಬಲಶಾಲಿ ಕಾರುಗಳದ್ದು. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅವುಗಳಿಗೆ ನಾಲ್ಕೂ ಒಂದೇ ಅಳತೆಯವಿರಬೇಕು. ಆಗ ಟೈರುಗಳನ್ನು ಕಾಲಕಾಲಕ್ಕೆ ಅದಲುಬದಲು ಮಾಡಲೂ ಅನುಕೂಲ.

ಪಥದಿಂದ ಮನೆಗೆ

ಅತ್ಯಂತ ಅಪಾಯದ ಸಂದರ್ಭ ಪಥದಲ್ಲಿಲ್ಲ, ಪಥದಿಂದ ಮನೆಗೆ ಬರುವ ದಾರಿಯಲ್ಲಿದೆ. ಅನುಭವಿ ಚಾಲಕರು ಪಥಕ್ಕಿಳಿಯುವ ಮುನ್ನ ಗಾಳಿಯನ್ನು ಬೇಕೆಂದೇ ಇಳಿಸುತ್ತಾರೆ. 30 ಡಿಗ್ರಿ ಶಾಖದಲ್ಲಿ 26 ಪೌಂಡು ಇಟ್ಟ ಟೈರು, ಒಳಗಿನ ಗಾಳಿ 80 ಡಿಗ್ರಿಗೆ ಕಾದಾಗ ಸುಮಾರು 33 ಪೌಂಡಿಗೆ ಏರುತ್ತದೆ. ಪಥದ ಮಟ್ಟಿಗೆ ಇದು ಸರಿಯಾದ ಕ್ರಮ. ಆದರೆ ಊಟ ಮುಗಿಸಿ ಹೊರಡುವಷ್ಟರಲ್ಲಿ ಟೈರು ತಣ್ಣಗಾಗಿ ಮತ್ತೆ 26ಕ್ಕೆ ಇಳಿದಿರುತ್ತದೆ. ಅದನ್ನು ಮರೆತು ಹೆದ್ದಾರಿಗೆ ಬಂದರೆ ಗೋಡೆಗಳು ಅತಿಯಾಗಿ ಮಡಚಿಕೊಂಡು ಕಾದು ಸಿಡಿಯಬಹುದು. ಮಳೆ ಬಂದರೆ ತೇಲುವ ವೇಗ, ಮೇಲೆ ಹೇಳಿದ ಸೂತ್ರದಂತೆ, 96ರಿಂದ 85ಕ್ಕೆ ಇಳಿದಿರುತ್ತದೆ. ಪಥದ ಬಾಗಿಲು ದಾಟುವ ಮೊದಲು ನಾಲ್ಕೂ ಟೈರುಗಳಿಗೆ ಗಾಳಿ ತುಂಬುವುದನ್ನು ವ್ರತದಂತೆ ಪಾಲಿಸಬೇಕು.

ಪಥಕ್ಕೆಂದು ಮಾಡಿದ ಟೈರುಗಳಲ್ಲಿ ಕಚ್ಚುಗಳು ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅಂಥವು ಮಳೆಯ ರಸ್ತೆಗೆ ಸಲ್ಲವು. ರಸ್ತೆ ಟೈರಿನಲ್ಲಿಯೇ ಪಥದ ಸುಖ ಅನುಭವಿಸುವವರು ಹಿಂದಿರುಗುವಾಗ ಅಂಚುಗಳು ಹರಿದಿಲ್ಲವೇ, ಗೋಡೆ ಉಬ್ಬಿಲ್ಲವೇ ಎಂದು ಪರೀಕ್ಷಿಸಬೇಕು. ವರ್ಷಕ್ಕೆ ಹಲವು ಬಾರಿ ಪಥಕ್ಕಿಳಿಯುವವರಿಗೆ ಸರಿಯಾದ ದಾರಿ ಒಂದೇ: ಪಥಕ್ಕೆ ಬೇರೆ ನಾಲ್ಕು ರಿಮ್ ಮತ್ತು ಟೈರುಗಳನ್ನು ಇಟ್ಟುಕೊಳ್ಳುವುದು. ಖರ್ಚು ಸ್ವಲ್ಪ ಹೆಚ್ಚೆನಿಸಬಹುದು. ಆದರೆ ಮನೆಯವರು ಕುಳಿತುಕೊಳ್ಳುವ ಟೈರು ಪಥದಲ್ಲಿ ಸವೆಯುವುದಿಲ್ಲ ಎಂಬ ನೆಮ್ಮದಿಗೆ ಹೋಲಿಸಿದರೆ ಅದು ದೊಡ್ಡದಲ್ಲ.

ಆಯ್ಕೆಯ ಕ್ರಮ

1. ಚಾಲಕನ ಬದಿಯ ಬಾಗಿಲಿನ ಚೌಕಟ್ಟಿನ ಮೇಲೋ ಕಾರಿನ ಕೈಪಿಡಿಯಲ್ಲೋ ತಯಾರಕರು ಕೊಟ್ಟಿರುವ ಅಳತೆಗಳನ್ನೂ ಗಾಳಿಯ ಒತ್ತಡವನ್ನೂ ಬರೆದುಕೊಳ್ಳಿ. ಪೂರ್ಣ ಭಾರಕ್ಕೆ ಬೇರೆ ಒತ್ತಡ ಹೇಳಿದ್ದರೆ ಅದನ್ನೂ ಗುರುತಿಸಿ.

2. ಅಗಲ ಹೆಚ್ಚಿಸುವ ಆಸೆಯಿದ್ದರೆ ಅದೇ ಮಾದರಿಯ ಮೇಲಿನ ಆವೃತ್ತಿಗೆ ತಯಾರಕರೇ ಕೊಡುವ ಅಳತೆಯವರೆಗೆ ಹೋಗಿ, ಅದರ ರಿಮ್‌ನೊಡನೆ. ಅದಕ್ಕಿಂತ ಮುಂದೆ ಹೋಗಬೇಡಿ.

3. ರಿಮ್‌ನ ಅಗಲ, ಒಟ್ಟು ವ್ಯಾಸ, ಭಾರದ ಸೂಚ್ಯಂಕ, ವೇಗದ ಅಕ್ಷರ, ಈ ನಾಲ್ಕನ್ನೂ ಕಾಗದದ ಮೇಲೆ ಹೋಲಿಸಿ ನೋಡಿದ ಮೇಲೆ ಹಣ ಕೊಡಿ.

4. ಗೋಡೆಯ ಮೇಲೆ ಐಎಸ್ಐ ಗುರುತು ಇದೆಯೇ ನೋಡಿ. ತಯಾರಿಕೆಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ. 2324 ಎಂದಿದ್ದರೆ 2024ರ 23ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಟೈರನ್ನು ರಿಯಾಯಿತಿಗೆ ಮರುಳಾಗಿ ಕೊಳ್ಳಬೇಡಿ.

5. ಸ್ಟೆಪ್ನಿಯನ್ನು ಮರೆಯಬೇಡಿ. ನಾಲ್ಕು ಟೈರುಗಳ ಅಳತೆ ಬದಲಿಸಿ ಐದನೆಯದನ್ನು ಹಳೆಯ ಅಳತೆಯಲ್ಲಿಯೇ ಬಿಟ್ಟರೆ, ಅದನ್ನು ಹಾಕಿದಾಗ ನಿಧಾನವಾಗಿ, ಅಗತ್ಯವಿದ್ದಷ್ಟು ದೂರ ಮಾತ್ರ ಓಡಿಸಬೇಕು.

6. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ತಯಾರಕರು ಸೂಚಿಸಿದ ಅಳತೆಯೊಳಗೆ ಇದ್ದರೆ ವಿವಾದಕ್ಕೆ ಎಡೆಯಿಲ್ಲ. ಅದರಾಚೆಗೆ ಹೋಗುವವರು ವಿಮಾ ಕಂಪೆನಿಯಿಂದ ಲಿಖಿತ ಉತ್ತರ ಪಡೆದು ಕಡತದಲ್ಲಿಡಬೇಕು. ಬಾಯಿಮಾತಿನ ಭರವಸೆ ಅಪಘಾತದ ಮರುದಿನ ಯಾರಿಗೂ ನೆನಪಿರುವುದಿಲ್ಲ.

7. ತಿಂಗಳಿಗೆ ಎರಡು ಬಾರಿ, ದೂರ ಪ್ರಯಾಣದ ಮುನ್ನ ತಪ್ಪದೆ, ಟೈರು ತಣ್ಣಗಿರುವಾಗ ಗಾಳಿಯನ್ನು ಪರೀಕ್ಷಿಸಿ.

ಕೊನೆಯ ಮಾತು

ಚೆನ್ನೈ ಟೈರಿನ ಊರು. 1946ರಲ್ಲಿ ತಿರುವೊತ್ತಿಯೂರಿನಲ್ಲಿ ಆಟದ ಬಲೂನು ಮಾಡುತ್ತಿದ್ದ ಸಣ್ಣ ಘಟಕವೇ ಮುಂದೆ ಎಂಆರ್‌ಎಫ್ ಆಗಿ ಬೆಳೆಯಿತು. ನಮ್ಮ ಮೈಸೂರಿನ ವಿಕ್ರಾಂತ್ ಟೈರಿನ ಹೆಸರೂ ಹಿರಿಯ ಓದುಗರಿಗೆ ನೆನಪಿರಬಹುದು. 1997ರಲ್ಲಿ ಅದು ಜೆ.ಕೆ. ಸಂಸ್ಥೆಯ ವಶಕ್ಕೆ ಹೋಯಿತು. ಟೈರು ನಮಗೆ ಅಪರಿಚಿತ ವಸ್ತುವಲ್ಲ. ಆದರೂ ಕಾರಿನ ಬಣ್ಣಕ್ಕೆ ಕೊಡುವಷ್ಟು ಗಮನವನ್ನು ನಾವು ಅದಕ್ಕೆ ಕೊಡುವುದಿಲ್ಲ.

ಅಗಲದ ಆಯ್ಕೆಗೆ ನಾವು ಕಂಡುಕೊಂಡ ಸೂತ್ರ ಇಷ್ಟೇ: ವರ್ಷದಲ್ಲಿ ನೀವು ಮಾಡುವ ಅತ್ಯಂತ ದೀರ್ಘವಾದ, ಅತ್ಯಂತ ಭಾರವಾದ, ಅತ್ಯಂತ ಹೆಚ್ಚು ಮಳೆಯ ಪ್ರಯಾಣ ಯಾವುದೋ ಅದಕ್ಕೆ ತಕ್ಕಂತೆ ರಸ್ತೆಯ ಟೈರನ್ನು ಆರಿಸಿ, ಓಟದ ಸುಖಕ್ಕೆ ಬೇರೆ ಜೊತೆ ಇರಲಿ. ನಮ್ಮ ಅಣ್ಣನ ಮಗ ಈಗ ಹಾಗೆಯೇ ಮಾಡಿದ್ದಾನೆ. ಅವನು ಪಥಕ್ಕೆ ಹೋಗುವುದನ್ನು ಬಿಟ್ಟಿಲ್ಲ, ನಾವು ಬಿಡು ಎಂದು ಹೇಳಿಯೂ ಇಲ್ಲ. ಆದರೆ ಕಳೆದ ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ಸಂಜೆ ಅವನು 185ರ ಟೈರುಗಳನ್ನು ಕೂಡಿಸಿ, ಐದೂ ಚಕ್ರಗಳ ಗಾಳಿ ನೋಡಿ, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದ. ವೆಲ್ಲೂರಿನವರೆಗೂ ಮಳೆ ಬಂತು. ಮಕ್ಕಳಿಗೆ ಎಚ್ಚರವಾಗಲಿಲ್ಲ.